ಇಂಗ್ಲಿಷರ ಊಟ ನಿಜಕ್ಕೂ ಸಪ್ಪೆಯೇ? ಭಾನುವಾರದ ರೋಸ್ಟ್ ನಮ್ಮ ಮನೆಯಲ್ಲಿ ಏಕೆ ಕೆಡುತ್ತದೆ?

ಪ್ರಶ್ನೆ: ನಾವು ಹಾಸನದವರು, ಒಂದೂವರೆ ವರ್ಷದಿಂದ ಲೀಡ್ಸ್‌ನಲ್ಲಿದ್ದೇವೆ. ನಾನು ಮೊಟ್ಟೆ ತಿನ್ನುತ್ತೇನೆ, ಮಾಂಸ ಮುಟ್ಟುವುದಿಲ್ಲ. ನಮ್ಮ ಯಜಮಾನರು ಕೋಳಿ, ಮೀನು ತಿನ್ನುತ್ತಾರೆ. ದನದ್ದು, ಹಂದಿಯದ್ದು ಬೇಡ. ಪಕ್ಕದ ಮನೆಯ ಅಜ್ಜಿ ಒಂದು ಭಾನುವಾರ ಊಟಕ್ಕೆ ಕರೆದಿದ್ದರು. ಓವನ್‌ನಲ್ಲಿ ಹುರಿದ ಆಲೂಗಡ್ಡೆ (ರೋಸ್ಟ್), ಮೈದಾ-ಮೊಟ್ಟೆಯ ಹಿಟ್ಟನ್ನು ಉಬ್ಬಿಸಿ ಮಾಡುವ ಯಾರ್ಕ್‌ಶೈರ್ ಪುಡಿಂಗ್, ಬೇಯಿಸಿದ ಕ್ಯಾರೆಟ್, ಎಲೆಕೋಸು. ಆಲೂಗಡ್ಡೆ ಬಹಳ ಚೆನ್ನಾಗಿತ್ತು, ಎಲೆಕೋಸು ಮಾತ್ರ ಗಂಟಲಲ್ಲಿ ಇಳಿಯಲಿಲ್ಲ. ಎಂಟು ವರ್ಷದ ಮಗನಿಗೆ ಎಲ್ಲವೂ ಹಿಡಿಸಿ, ಮನೆಯಲ್ಲೂ ಮಾಡು ಎಂದು ದುಂಬಾಲು ಬಿದ್ದಿದ್ದಾನೆ. ಅಜ್ಜಿಯನ್ನೂ ಕರೆದು ಅದೇ ಊಟ ಹಾಕುವ ಆಸೆ ನನಗಿದೆ. ಎರಡು ಸಲ ಮಾಡಿ ನೋಡಿದೆ. ಪುಡಿಂಗ್‌ಗೆ ಸೆಲ್ಫ್ ರೈಸಿಂಗ್ ಹಿಟ್ಟು, ಸಿಲಿಕೋನ್ ಅಚ್ಚು, ಆಲಿವ್ ಎಣ್ಣೆ ಬಳಸಿದ್ದೆ. ಹತ್ತು ನಿಮಿಷಕ್ಕೆ ಬಾಗಿಲು ತೆಗೆದು ನೋಡಿದೆ, ಕುಸಿದುಬಿಟ್ಟಿತು. ಬೇಬಿ ಪೊಟೇಟೊ ತಂದು ರೋಸ್ಟ್ ಮಾಡಿದರೆ ಗರಿಗರಿಯಾಗಲಿಲ್ಲ. ಈ ಊಟವೇ ಸಪ್ಪೆಯೋ, ನಮಗೆ ಅದರ ರುಚಿ ತಿಳಿಯುತ್ತಿಲ್ಲವೋ? ನಮ್ಮ ಮಸಾಲೆ ಸೇರಿಸಿದರೆ ತಪ್ಪೇ? ಪುಡಿಂಗ್‌ಗೆ ದನದ ಕೊಬ್ಬು ಹಾಕುತ್ತಾರೆಂದು ಆಮೇಲೆ ಯಾರೋ ಹೇಳಿದರು. ಅಂದಿನಿಂದ ಮನಸ್ಸಿಗೆ ಕಸಿವಿಸಿ.

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳಿವೆ: ಆ ಊಟದಲ್ಲಿ ರುಚಿ ಇದೆಯೇ, ನಿಮ್ಮ ಕೈಯಲ್ಲಿ ಏಕೆ ಕೆಟ್ಟಿತು, ತಿನ್ನಬಾರದ್ದು ತಿಂದಿರಾ. ಮೊದಲನೆಯದಕ್ಕೆ ನೇರವಾಗಿ ಹೇಳುತ್ತೇನೆ. ಬ್ರಿಟನ್ನಿನ ಊಟಕ್ಕೆ ಬಂದ ಕೆಟ್ಟ ಹೆಸರು ಪೂರ್ತಿ ಸುಳ್ಳಲ್ಲ, ಆದರೆ ಅದು ಆ ಅಡುಗೆಯ ದೋಷಕ್ಕಿಂತ ಹೆಚ್ಚಾಗಿ ಅದನ್ನು ಕೆಡಿಸಿ ಮಾಡುವುದರ ದೋಷ. ನಮ್ಮ ಹುಳಿಯಲ್ಲಿ ತರಕಾರಿ ಎರಡು ನಿಮಿಷ ಹೆಚ್ಚು ಬೆಂದರೂ ಹುಣಸೆ, ಮೆಣಸಿನಕಾಯಿ, ಕೊತ್ತಂಬರಿ ಬೀಜ, ಇಂಗು ಸೇರಿ ಕಾಪಾಡುತ್ತವೆ. ಅಲ್ಲಿ ತಟ್ಟೆಯಲ್ಲಿರುವುದು ಎಲೆಕೋಸು, ಉಪ್ಪು, ಬೆಣ್ಣೆ, ಅಷ್ಟೇ. ಮರೆಮಾಚಲು ಏನೂ ಇಲ್ಲದ ಅಡುಗೆಯಲ್ಲಿ ಬೇಯಿಸುವ ಹೊತ್ತು ತಪ್ಪಿದರೆ ಎಲ್ಲವೂ ತಪ್ಪಿದಂತೆ.

‘ಇಂಗ್ಲಿಷರಿಗೆ ಮಸಾಲೆಯೇ ಗೊತ್ತಿರಲಿಲ್ಲ’ ಎಂಬ ಮಾತು ಮಾತ್ರ ನಿಜವಲ್ಲ. 1390ರ ಸುಮಾರಿಗೆ ಎರಡನೇ ರಿಚರ್ಡ್ ದೊರೆಯ ಅಡುಗೆಯವರು ಬರೆಸಿಟ್ಟ ಪಾಕಗಳಲ್ಲಿ ಶುಂಠಿ, ಚಕ್ಕೆ, ಲವಂಗ, ಕೇಸರಿ, ಮೆಣಸು ಧಾರಾಳವಾಗಿವೆ. ಎಸೆಕ್ಸ್‌ನ ಸ್ಯಾಫ್ರನ್ ವಾಲ್ಡನ್ ಊರಿಗೆ ಹೆಸರು ಬಂದದ್ದೇ ಅಲ್ಲಿ ಬೆಳೆಯುತ್ತಿದ್ದ ಕೇಸರಿಯಿಂದ. ಕಾಲ ಕಳೆದಂತೆ ಈ ಮಸಾಲೆಗಳು ಊಟದ ಪದಾರ್ಥಗಳಿಂದ ಸಿಹಿತಿಂಡಿಗೆ ಸರಿದವು. ಕ್ರಿಸ್‌ಮಸ್ ಪುಡಿಂಗ್‌ನಲ್ಲಿ ಜಾಯಿಕಾಯಿ, ಲವಂಗ, ಚಕ್ಕೆ ಇರುತ್ತವೆ. ಜಿಂಜರ್‌ಬ್ರೆಡ್‌ನಲ್ಲಿ ಶುಂಠಿಯೇ ಮುಂದು. ವೂಸ್ಟರ್ ಸಾಸ್‌ನಲ್ಲಿ ನಮ್ಮ ಹುಣಸೆಹಣ್ಣೇ ಇದೆ.

ಹಾಗಾದರೆ ಕೆಟ್ಟದ್ದು ಯಾವಾಗ? ಕೈಗಾರಿಕೆ ಬೆಳೆದಂತೆ ಜನ ಹಳ್ಳಿ ಬಿಟ್ಟು ಪಟ್ಟಣ ಸೇರಿದರು. 1851ರ ಜನಗಣತಿಯ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಮಂದಿ ಪಟ್ಟಣವಾಸಿಗಳು. ಹಿತ್ತಲು ಹೋಯಿತು, ಹಸು ಹೋಯಿತು, ಹಲವರಿಗೆ ಸರಿಯಾದ ಒಲೆಯೂ ಇರಲಿಲ್ಲ. ಉಳ್ಳವರ ಮನೆಯಲ್ಲೂ ತರಕಾರಿಯನ್ನು ಚೆನ್ನಾಗಿ ಬೇಯಿಸದಿದ್ದರೆ ಜೀರ್ಣವಾಗದು ಎಂಬ ನಂಬಿಕೆ ಗಟ್ಟಿಯಾಗಿತ್ತು. 1861ರಲ್ಲಿ ಪುಸ್ತಕವಾಗಿ ಬಂದು ಮನೆಮನೆ ಸೇರಿದ ಇಸಾಬೆಲ್ಲಾ ಬೀಟನ್ ಅವರ ಕೈಪಿಡಿ ದೊಡ್ಡ ಕ್ಯಾರೆಟ್ಟನ್ನು ಒಂದೂಮುಕ್ಕಾಲರಿಂದ ಎರಡೂಕಾಲು ಗಂಟೆ ಬೇಯಿಸಿ ಎನ್ನುತ್ತದೆ. ಅದರ ಮೇಲೆ ಬಂದದ್ದು ಯುದ್ಧಕಾಲದ ಪಡಿತರ. 1940ರ ಜನವರಿಯಲ್ಲಿ ಬೆಣ್ಣೆ, ಸಕ್ಕರೆ, ಹಂದಿಮಾಂಸದ ಬೇಕನ್‌ಗೆ ಶುರುವಾದದ್ದು, ಮಾಂಸಕ್ಕೆ ಮುಗಿದದ್ದು 1954ರ ಜುಲೈನಲ್ಲಿ. ಅಳತೆ ಆಗಾಗ ಬದಲಾಗುತ್ತಿತ್ತು. ಸಾಮಾನ್ಯವಾಗಿ ತಲೆಗೆ ವಾರಕ್ಕೆ ಸುಮಾರು 57 ಗ್ರಾಂ ಬೆಣ್ಣೆ, ಅಷ್ಟೇ ಚೀಸ್, ಒಂದು ಮೊಟ್ಟೆ. ಚೀಸ್‌ಗೆ ಹೋಗುವ ಹಾಲನ್ನು ಬಹುಪಾಲು ಒಂದೇ ಬಗೆಯ ‘ಸರ್ಕಾರಿ ಚೆಡ್ಡರ್’ಗೆ ತಿರುಗಿಸಿದ್ದರಿಂದ ಊರೂರಿನ ಚೀಸ್‌ಗಳು ಎಷ್ಟೋ ಅಳಿದವು. ಹದಿನಾಲ್ಕು ವರ್ಷ ಎಂದರೆ ಒಂದು ಹುಡುಗಿ ಅಮ್ಮನ ಪಕ್ಕ ನಿಂತು ಅಡುಗೆ ಕಲಿಯುವ ಪೂರ್ತಿ ಕಾಲ. ಬೆಣ್ಣೆ, ಮೊಟ್ಟೆ, ಕೆನೆಯ ಮೇಲೆ ನಿಂತ ಅಡುಗೆಯನ್ನು ಅವು ಇಲ್ಲದೆ ಕಲಿತ ತಲೆಮಾರು ಅದು. ನಿಮ್ಮ ಪಕ್ಕದ ಮನೆಯ ಅಜ್ಜಿ ಬಹುಶಃ ಅವರ ಕೈಯಲ್ಲೇ ಕಲಿತವರು. ಅವರ ಎಲೆಕೋಸನ್ನು ಸ್ವಲ್ಪ ಅನುಕಂಪದಿಂದ ನೋಡಿ.

ಆ ಎಲೆಕೋಸಿನ ವಾಸನೆಗೂ ಕಾರಣವಿದೆ. ಕೋಸಿನ ಜಾತಿಯಲ್ಲಿ ಗಂಧಕದ ಅಂಶ ಹೆಚ್ಚು. ಹೆಚ್ಚಿದೊಡನೆ ಬೇಯಿಸಿ ಬೇಗ ತೆಗೆದರೆ ಸಿಹಿ ರುಚಿ ಇರುತ್ತದೆ. ಆರೇಳು ನಿಮಿಷ ದಾಟಿದ ಮೇಲೆ ಆ ಗಂಧಕ ಕೊಳೆತ ಮೊಟ್ಟೆಯಂಥ ವಾಸನೆಯಾಗಿ ಹೊರಬರಲು ತೊಡಗುತ್ತದೆ, ಹಸಿರು ಬಣ್ಣ ಕಂದುತ್ತದೆ. ಬಣ್ಣ ಉಳಿಯಲಿ ಎಂದು ಹಿಂದೆ ಕೆಲವರು ಚಿಟಿಕೆ ಸೋಡಾ ಹಾಕುತ್ತಿದ್ದರು. ಬಣ್ಣವೇನೋ ಉಳಿಯುತ್ತದೆ, ಎಲೆ ಮಾತ್ರ ಅಂಟಂಟಾಗಿ ಮುದ್ದೆಯಾಗುತ್ತದೆ. ಮುದುರಿದ ಎಲೆಯ ಸೆವಾಯ್ ಕೋಸು ತನ್ನಿ. ಬೆರಳಗಲ ಹೆಚ್ಚಿ, ಕುದಿಯುವ ಉಪ್ಪುನೀರಿಗೆ ಹಾಕಿ, ಮುಚ್ಚಳ ಮುಚ್ಚದೆ ಮೂರರಿಂದ ನಾಲ್ಕು ನಿಮಿಷ ಇಡಿ. ನೀರು ಬಸಿದು, ಬಿಸಿ ಪಾತ್ರೆಗೇ ಮರಳಿ ಹಾಕಿ ತೇವ ಆರಿಸಿ, 25 ಗ್ರಾಂ ಬೆಣ್ಣೆ, ಆಗಷ್ಟೇ ಕುಟ್ಟಿದ ಕಾಳುಮೆಣಸು ಹಾಕಿ ಕಲಸಿ. ಇದು ಸಪ್ಪೆ ಎನಿಸಿದರೆ ಆಮೇಲೆ ಬರೆಯಿರಿ.

ಸಪ್ಪೆ ಅನಿಸಲು ಇನ್ನೊಂದು ಕಾರಣ ಊಟದ ಕ್ರಮ. ನಮ್ಮಲ್ಲಿ ಉಪ್ಪು ಹುಳಿ ಖಾರ ಒಲೆಯ ಮೇಲೇ ಮುಗಿಯುತ್ತದೆ. ಎಲೆಯ ತುದಿಗೆ ಉಪ್ಪು, ಉಪ್ಪಿನಕಾಯಿ ಬಿಟ್ಟರೆ ಉಣ್ಣುವವರು ಸೇರಿಸುವುದೇನಿಲ್ಲ. ಅಲ್ಲಿ ಅರ್ಧ ರುಚಿ ಮೇಜಿನ ಮೇಲಿರುತ್ತದೆ. ಉಪ್ಪು, ಮೆಣಸು, ಗ್ರೇವಿ, ಪುದೀನ ಸಾಸ್, ಮೂಗಿಗೇರುವ ಬೇರಿನ ಹಾರ್ಸ್‌ರ‍್ಯಾಡಿಶ್, ಸಾಸಿವೆ, ಇವನ್ನು ಬಡಿಸಿಕೊಳ್ಳದೆ ಬರೀ ತರಕಾರಿ ತಿಂದವರು ನಮ್ಮ ಕಡೆ ಹುಳಿಯಿಲ್ಲದೆ ಬರೀ ಅನ್ನ ತಿಂದ ಹಾಗೆ. ಸಾಸಿವೆಯ ವಿಷಯ ನಿಮಗೆ ಸುಲಭವಾಗಿ ಅರ್ಥವಾಗುತ್ತದೆ. ಒಗ್ಗರಣೆಯಲ್ಲಿ ಸಿಡಿದ ಸಾಸಿವೆಗೆ ಖಾರವಿಲ್ಲ, ಮಲೆನಾಡಿನ ‘ಸಾಸಿವೆ’ ಎಂಬ ಪದಾರ್ಥಕ್ಕೆ ಹಸಿಯಾಗಿ ಅರೆದದ್ದು ಮೂಗಿಗೆ ಏರುತ್ತದೆ. ಕಾಳು ಒಡೆದು ನೀರು ತಗುಲಿದಾಗ ಅದರೊಳಗಿನ ಕಿಣ್ವ ಕೆಲಸ ಮಾಡಿ ಖಾರ ಹುಟ್ಟಿಸುತ್ತದೆ, ಬಿಸಿ ತಾಗಿದರೆ ಕಿಣ್ವ ಸಾಯುತ್ತದೆ. ಇಂಗ್ಲಿಷ್ ಸಾಸಿವೆ ಪುಡಿಯದೂ ಇದೇ ಗುಣ. ಎರಡು ಚಮಚ ಪುಡಿಗೆ ಎರಡು ಚಮಚ ತಣ್ಣೀರು ಕಲಸಿ ಹತ್ತು ನಿಮಿಷ ಬಿಡಿ. ಬಿಸಿನೀರು ಹಾಕಿದರೆ ಖಾರ ಹುಟ್ಟದೆ ಕಹಿಯಷ್ಟೇ ಉಳಿಯುತ್ತದೆ. ಆಲೂಗಡ್ಡೆಯ ತುದಿಗೆ ಅದನ್ನು ಸವರಿ ತಿಂದು ನೋಡಿ.

ಈಗ ಯಾರ್ಕ್‌ಶೈರ್ ಪುಡಿಂಗ್. ಬೆಂಕಿಯ ಮುಂದೆ ತಿರುಗುವ ಮಾಂಸದ ಕೆಳಗೆ ತಟ್ಟೆಯಿಟ್ಟು, ಸುರಿಯುವ ಕೊಬ್ಬಿನಲ್ಲಿ ಹಿಟ್ಟು ಬೇಯಿಸುತ್ತಿದ್ದ ತಿಂಡಿ ಇದು. ಆ ಹೆಸರಿನಿಂದ ಹನ್ನಾ ಗ್ಲಾಸ್ ತಮ್ಮ 1747ರ ಪುಸ್ತಕದಲ್ಲಿ ಬರೆದರು. ದುಬಾರಿ ಮಾಂಸಕ್ಕೆ ಮೊದಲು ಗ್ರೇವಿಯೊಂದಿಗೆ ಇದನ್ನು ಬಡಿಸಿ ಹೊಟ್ಟೆ ಅರ್ಧ ತುಂಬಿಸುತ್ತಿದ್ದರು. ಇದನ್ನು ಉಬ್ಬಿಸುವುದು ಬೇಕಿಂಗ್ ಪೌಡರ್ ಅಲ್ಲ, ಪೂರಿಯನ್ನು ಉಬ್ಬಿಸುವ ಅದೇ ಹಬೆ. ನೀರಾದ ಹಿಟ್ಟು ಕಾದ ಎಣ್ಣೆಗೆ ಬಿದ್ದೊಡನೆ ತಳ, ಅಂಚು ಕಟ್ಟಿಕೊಳ್ಳಬೇಕು. ಒಳಗಿನ ನೀರು ಹಬೆಯಾಗಿ ನಡುವೆ ದೊಡ್ಡ ಪೊಳ್ಳು ಮಾಡುತ್ತದೆ. ಮೊಟ್ಟೆ ಮತ್ತು ಮೈದಾದ ಜಿಗುಟು ಆ ಹಬೆಯನ್ನು ಹಿಡಿದು ಹಿಗ್ಗುತ್ತದೆ. ಗೋಡೆ ಒಣಗಿ ಗಟ್ಟಿಯಾಗುವವರೆಗೂ ಶಾಖ ಇಳಿಯಬಾರದು.

ನಿಮ್ಮದರಲ್ಲಿ ನಾಲ್ಕು ತಪ್ಪು ಒಟ್ಟಿಗೆ ಸೇರಿವೆ. ಸೆಲ್ಫ್ ರೈಸಿಂಗ್ ಹಿಟ್ಟಿನಲ್ಲಿರುವ ಬೇಕಿಂಗ್ ಪೌಡರ್ ನೂರಾರು ಸಣ್ಣ ಗುಳ್ಳೆ ಮಾಡಿ, ಒಂದು ದೊಡ್ಡ ಪೊಳ್ಳಿನ ಬದಲು ಕೇಕಿನಂಥ ತಿರುಳು ಕೊಡುತ್ತದೆ. ಸಿಲಿಕೋನ್ ಶಾಖವನ್ನು ಬೇಗ ದಾಟಿಸುವುದಿಲ್ಲ, ಅಂಚು ಕಟ್ಟಿಕೊಳ್ಳುವುದೇ ಇಲ್ಲ. ಎಕ್ಸ್‌ಟ್ರಾ ವರ್ಜಿನ್ ಆಲಿವ್ ಎಣ್ಣೆ ಬೇಕಾದ ಶಾಖಕ್ಕೆ ಮುಂಚೆಯೇ ಹೊಗೆಯಾಡುತ್ತದೆ. ಹತ್ತನೇ ನಿಮಿಷಕ್ಕೆ ಬಾಗಿಲು ತೆಗೆದದ್ದು ಎಲ್ಲಕ್ಕಿಂತ ದೊಡ್ಡದು: ಗೋಡೆ ಇನ್ನೂ ಹಸಿ, ತಣ್ಣನೆಯ ಗಾಳಿಗೆ ಹಬೆ ಮರಳಿ ನೀರಾಯಿತು, ಪುಡಿಂಗ್ ಕುಸಿಯಿತು.

ಹನ್ನೆರಡು ಗುಳಿಯ ಲೋಹದ ಟಿನ್‌ಗೆ ಅಳತೆ ಇದು: ಪ್ಲೇನ್ ಫ್ಲೋರ್ (ಬೇಕಿಂಗ್ ಪೌಡರ್ ಬೆರೆಸದ ಮೈದಾ) 140 ಗ್ರಾಂ, ಮೊಟ್ಟೆ 4, ಹಾಲು 200 ಮಿಲಿ, ಉಪ್ಪು ಅರ್ಧ ಟೀ ಚಮಚ. ಹಿಟ್ಟಿಗೆ ಮೊದಲು ಮೊಟ್ಟೆ ಸೇರಿಸಿ ಗಂಟಿಲ್ಲದೆ ಕಲಸಿ, ಆಮೇಲೆ ಹಾಲನ್ನು ಸ್ವಲ್ಪ ಸ್ವಲ್ಪವೇ ಹಾಕಿ. ನೀರುದೋಸೆ ಹಿಟ್ಟಿಗಿಂತ ಗಟ್ಟಿ, ಉದ್ದಿನದೋಸೆ ಹಿಟ್ಟಿಗಿಂತ ತೆಳು ಇರಲಿ. ಅರ್ಧ ಗಂಟೆಯಾದರೂ ಬಿಡಿ. ಫ್ಯಾನ್ ಓವನ್ 210 ಡಿಗ್ರಿ, ಫ್ಯಾನ್ ಇಲ್ಲದ್ದಾದರೆ 230. ಗುಳಿಗೊಂದು ಟೀ ಚಮಚ ಸೂರ್ಯಕಾಂತಿ ಎಣ್ಣೆ ಹಾಕಿ ಖಾಲಿ ಟಿನ್ ಹತ್ತು ನಿಮಿಷ ಕಾಯಿಸಿ. ಅರ್ಧ ಎಣ್ಣೆ, ಅರ್ಧ ತುಪ್ಪ ಹಾಕಿದರೆ ಇನ್ನೂ ಮೇಲು. ತುಪ್ಪ ಹೆಚ್ಚು ಶಾಖ ತಡೆಯುತ್ತದೆ, ಕೊಬ್ಬಿನಿಂದ ಬರುವ ಘಮದ ಕೊರತೆಯನ್ನೂ ತುಂಬುತ್ತದೆ. ಬೆಣ್ಣೆ ಬೇಡ, ಕರಟುತ್ತದೆ. ಹಿಟ್ಟನ್ನು ಮೂತಿಯ ಜಗ್ಗಿಗೆ ಹಾಕಿಟ್ಟುಕೊಂಡು, ಟಿನ್ ಹೊರತೆಗೆದೊಡನೆ ಗುಳಿ ಅರ್ಧ ತುಂಬುವಷ್ಟು ಸುರಿಯಿರಿ. ಚುಂಯ್ ಎಂದು ಅಂಚು ನೊರೆಯೆದ್ದರೆ ಎಣ್ಣೆ ಕಾದಿದೆ. ಸದ್ದಿಲ್ಲದಿದ್ದರೆ ನಿಲ್ಲಿಸಿ ಇನ್ನೂ ಮೂರು ನಿಮಿಷ ಕಾಯಿಸಿ. ಟಿನ್‌ನಲ್ಲಿ ಒಂದು ಹನಿ ನೀರಿದ್ದರೂ ಎಣ್ಣೆ ಮುಖಕ್ಕೆ ಸಿಡಿಯುತ್ತದೆ, ಮಗನನ್ನು ದೂರ ನಿಲ್ಲಿಸಿ. ಇಪ್ಪತ್ತು ನಿಮಿಷ ಬಾಗಿಲು ಮುಟ್ಟಬೇಡಿ, ಗಾಜಿನಲ್ಲೇ ನೋಡಿ. ಬಣ್ಣ ಬಂದ ಮೇಲೂ ಎರಡು ಮೂರು ನಿಮಿಷ ಬಿಡಿ, ಬಣ್ಣಕ್ಕಿಂತ ಗೋಡೆ ಒಣಗುವುದು ಮುಖ್ಯ. ಮೊಟ್ಟೆ ಬಿಟ್ಟು ಮಾಡಿದರೆ ಇದು ಹೀಗೆ ಉಬ್ಬುವುದಿಲ್ಲ. ಮೊಟ್ಟೆ ತಿನ್ನದ ಅತಿಥಿಗಳಿದ್ದರೆ ಅವರಿಗೆ ಬೇರೆ ತಿನಿಸು ಮಾಡಿ.

ಆಲೂಗಡ್ಡೆಯಲ್ಲಿ ಜಾತಿಯದೇ ತಪ್ಪು. ಬೇಬಿ ಪೊಟೇಟೊ ಮೇಣದಂಥ ತಿರುಳಿನದು, ಸಲಾಡಿಗೆ ಸರಿ. ರೋಸ್ಟ್‌ಗೆ ಹಿಟ್ಟುಹಿಟ್ಟಾಗಿ ಬೇಯುವ ಮಾರಿಸ್ ಪೈಪರ್ ಅಥವಾ ಕಿಂಗ್ ಎಡ್ವರ್ಡ್ ಬೇಕು. ಒಂದೂವರೆ ಕೆಜಿ ಸುಲಿದು ನಿಂಬೆಹಣ್ಣಿಗಿಂತ ತುಸು ದೊಡ್ಡ ತುಂಡು ಮಾಡಿ, ತಣ್ಣನೆಯ ಉಪ್ಪುನೀರಿನಲ್ಲಿಟ್ಟು, ಕುದಿ ಬಂದ ಮೇಲೆ ಎಂಟು ನಿಮಿಷ ಬೇಯಿಸಿ. ಬಸಿದು ಹಬೆ ಪೂರ್ತಿ ಹೋಗಲು ಬಿಡಿ. ತೇವ ಉಳಿದರೆ ಓವನ್‌ನಲ್ಲಿ ಅದು ಹುರಿಯುವ ಬದಲು ಬೇಯುತ್ತದೆ. ಒಂದು ಚಮಚ ಚಿರೋಟಿ ರವೆ ಉದುರಿಸಿ, ಪಾತ್ರೆ ಮುಚ್ಚಿ ನಾಲ್ಕು ಸಲ ಕುಲುಕಿ. ಅಂಚು ತರಿತರಿಯಾದಷ್ಟೂ ಗರಿ ಹೆಚ್ಚು. ಕಾದ ಎಣ್ಣೆ-ತುಪ್ಪದ ಟ್ರೇಯಲ್ಲಿ ಒಂದಕ್ಕೊಂದು ತಾಗದಂತೆ ಹರಡಿ. ಇಕ್ಕಟ್ಟಾದರೆ ಎರಡು ಟ್ರೇ ಮಾಡಿ.

ಗ್ರೇವಿ ನಿಮಗೆ ಬೇರೆಯೇ ಬೇಕು, ಏಕೆಂದರೆ ಮಾಮೂಲಿನದು ಮಾಂಸದ ರಸದಿಂದ ಆಗುತ್ತದೆ. ಮೂರು ಈರುಳ್ಳಿ ತೆಳ್ಳಗೆ ಹೆಚ್ಚಿ 30 ಗ್ರಾಂ ಬೆಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಅರ್ಧ ಗಂಟೆ ಕೆಂಪಗೆ ಬಾಡಿಸಿ. ಈ ಅರ್ಧ ಗಂಟೆಯಲ್ಲೇ ರುಚಿ ಇರುವುದು, ಉರಿ ಏರಿಸಿ ಹತ್ತು ನಿಮಿಷಕ್ಕೆ ಮುಗಿಸಿದರೆ ಕಹಿ. ಒಂದು ದೊಡ್ಡ ಚಮಚ ಮೈದಾ ಹಾಕಿ ಹಸಿವಾಸನೆ ಹೋಗುವವರೆಗೆ ಹುರಿದು, ತರಕಾರಿ ಸ್ಟಾಕ್ (ತರಕಾರಿ ಬೇಯಿಸಿದ ಸಾರ) ಅರ್ಧ ಲೀಟರ್, ಮಾರ್ಮೈಟ್ (ಯೀಸ್ಟ್‌ನಿಂದ ಮಾಡಿದ ಉಪ್ಪುಪ್ಪಾದ ಕಪ್ಪು ಲೇಹ) ಒಂದು ಟೀ ಚಮಚ ಸೇರಿಸಿ ಹತ್ತು ನಿಮಿಷ ಕುದಿಸಿ. ಕೊನೆಗೆ ಮಾಲ್ಟ್ ವಿನೆಗರ್ ನಾಲ್ಕು ಹನಿ.

ನಡುವಿನ ಪದಾರ್ಥವಾಗಿ ನಿಮಗೆ ಹೂಕೋಸು-ಚೀಸ್ ಒಳ್ಳೆಯದು. ಹೂಕೋಸನ್ನು ಐದೇ ನಿಮಿಷ ಬೇಯಿಸಿ ಬಟ್ಟೆಯ ಮೇಲೆ ಹರಡಿ ಒಣಗಿಸಿ, ಇಲ್ಲವಾದರೆ ಸಾಸ್ ನೀರಾಗುತ್ತದೆ. ಬೆಣ್ಣೆ 40 ಗ್ರಾಂ, ಮೈದಾ 40 ಗ್ರಾಂ ಹುರಿದು ಹಾಲು 500 ಮಿಲಿ ಸೇರಿಸಿ ಕುದಿಸಿ, ಒಲೆಯಿಂದ ಇಳಿಸಿದ ಮೇಲೆ 150 ಗ್ರಾಂ ‘ಮೆಚೂರ್’ (ಹೆಚ್ಚು ಕಾಲ ಹದಗೊಳಿಸಿದ) ಚೆಡ್ಡರ್, ಒಂದು ಚಮಚ ಸಾಸಿವೆ ಹಾಕಿ. ಕುದಿಯುತ್ತಿರುವಾಗಲೇ ಚೀಸ್ ಹಾಕಿದರೆ ಎಣ್ಣೆ ಬಿಟ್ಟು ಒಡೆಯುತ್ತದೆ. ‘ಮೈಲ್ಡ್’ ತಂದರೆ ರುಚಿಯೇ ಬರುವುದಿಲ್ಲ. ಸಪ್ಪೆ ಎನ್ನುವ ದೂರು ಎಷ್ಟೋ ಮನೆಗಳಲ್ಲಿ ಈ ಒಂದು ಪದದಿಂದ ಶುರುವಾಗುತ್ತದೆ.

ಮಸಾಲೆ ಸೇರಿಸುವುದು ತಪ್ಪಲ್ಲ, ಜಾಗ ನೋಡಿ ಸೇರಿಸಬೇಕು. ಖಾರದಪುಡಿ, ಅರಿಸಿನ ಮೊದಲೇ ಸವರಿದರೆ 200 ಡಿಗ್ರಿಯಲ್ಲಿ ಕರಟಿ ಕಹಿಯಾಗುತ್ತವೆ. ಜೀರಿಗೆ, ಕರಿಬೇವು ಬೇಕಿದ್ದರೆ ಕೊನೆಯ ಏಳೆಂಟು ನಿಮಿಷಕ್ಕೆ ಉದುರಿಸಿ. ಪುಡಿಂಗ್ ಹಿಟ್ಟಿಗೆ ಈರುಳ್ಳಿ, ಮೆಣಸಿನಕಾಯಿ ಬೇಡವೇ ಬೇಡ, ಭಾರಕ್ಕೆ ಉಬ್ಬುವುದಿಲ್ಲ. ನನ್ನನ್ನು ಕೇಳಿದರೆ ಮೊದಲ ಸಲ ಹಾಗೇ ಮಾಡಿ, ಪಕ್ಕಕ್ಕೆ ಮಾವಿನ ಮಿಡಿ ಉಪ್ಪಿನಕಾಯಿ ಇಡಿ. ಚೀಸ್‌ನೊಂದಿಗೆ ಹುಳಿಖಾರದ ಪಿಕಲ್ ತಿನ್ನುವುದು ಅವರದೇ ರೂಢಿ, ಅಜ್ಜಿಗೆ ಹೊಸದೆನಿಸದು. ಎಷ್ಟು ಖಾರ ಎಂದು ಮಾತ್ರ ಮುಂಚೆ ಹೇಳಿ.

ಇನ್ನು ದನದ ಕೊಬ್ಬಿನ ಮಾತು. ಸಂಪ್ರದಾಯದಲ್ಲಿ ಪುಡಿಂಗ್‌ಗೂ ಆಲೂಗಡ್ಡೆಗೂ ‘ಡ್ರಿಪ್ಪಿಂಗ್’, ಅಂದರೆ ದನದ ಮಾಂಸ ಹುರಿಯುವಾಗ ಸುರಿಯುವ ಕೊಬ್ಬು, ಬಳಸುವುದು ನಿಜ. ಇಂದು ಎಷ್ಟೋ ಮನೆಗಳಲ್ಲಿ ಸೂರ್ಯಕಾಂತಿ ಅಥವಾ ರೇಪ್‌ಸೀಡ್ ಎಣ್ಣೆ. ಅಜ್ಜಿ ಯಾವುದನ್ನು ಹಾಕಿದರೆಂದು ಊಹಿಸುತ್ತಾ ಕೊರಗಬೇಡಿ, ಕೇಳಿಬಿಡಿ. ‘ನಿಮ್ಮ ಪುಡಿಂಗ್ ಮಗನಿಗೆ ಬಹಳ ಇಷ್ಟವಾಯಿತು, ಯಾವ ಎಣ್ಣೆ ಹಾಕುತ್ತೀರಿ, ನಾನು ಮಾಂಸದ ಕೊಬ್ಬನ್ನೂ ತಿನ್ನುವುದಿಲ್ಲ’ ಎಂದರೆ ಯಾರೂ ನೊಂದುಕೊಳ್ಳುವುದಿಲ್ಲ. ಏನು ತಿನ್ನುವುದಿಲ್ಲ ಎಂದು ಮುಂಚಿತವಾಗಿ ತಿಳಿಸುವುದು ಅಲ್ಲಿ ಮರ್ಯಾದೆಯೇ. ಎಷ್ಟೋ ಜನರಿಗೆ ‘ವೆಜಿಟೇರಿಯನ್’ ಎಂದರೆ ಮಾಂಸದ ತುಂಡು ಇಲ್ಲ ಎಂದಷ್ಟೇ ಅರ್ಥ. ಕೊಬ್ಬು, ಸ್ಟಾಕ್ ಎಂದು ಬಿಡಿಸಿ ಹೇಳಿ.

ಅಂಗಡಿಯಲ್ಲಿ ಹೆಚ್ಚು ಎಚ್ಚರ ಬೇಕು. ನಮ್ಮ ಹಸಿರು ಚುಕ್ಕೆಯಂಥ ಕಡ್ಡಾಯ ಗುರುತು ಬ್ರಿಟನ್ನಿನಲ್ಲಿಲ್ಲ. ‘ಸೂಟಬಲ್ ಫಾರ್ ವೆಜಿಟೇರಿಯನ್ಸ್’ ಎಂದು ಹಾಕುವುದು ತಯಾರಕರ ಇಷ್ಟ. ದಪ್ಪ ಅಕ್ಷರದಲ್ಲಿ ಎದ್ದು ಕಾಣುವುದು ಅಲರ್ಜಿಯ 14 ಪದಾರ್ಥಗಳು ಮಾತ್ರ. ಮೀನು ಅದರಲ್ಲಿದೆ, ಹಾಗಾಗಿ ವೂಸ್ಟರ್ ಸಾಸ್‌ನ ಆಂಚೊವಿ ಕಣ್ಣಿಗೆ ಬೀಳುತ್ತದೆ. ದನದ ಕೊಬ್ಬು, ಹಂದಿಯ ಕೊಬ್ಬಾದ ಲಾರ್ಡ್, ಪ್ರಾಣಿಗಳ ಮೂಳೆ-ಚರ್ಮದ ಜೆಲಟಿನ್ ಅದರಲ್ಲಿಲ್ಲ, ಸಣ್ಣ ಅಕ್ಷರದಲ್ಲೇ ಹುಡುಕಬೇಕು. ಕ್ರಿಸ್‌ಮಸ್‌ನ ಮಿನ್ಸ್ ಪೈ, ಪುಡಿಂಗ್‌ಗಳಲ್ಲಿ ದನದ ಮೂತ್ರಪಿಂಡದ ಸುತ್ತಲಿನ ಕೊಬ್ಬಾದ ‘ಸ್ಯೂಯೆಟ್’ ಇರಬಹುದು. ಸಸ್ಯದ ಸ್ಯೂಯೆಟ್ ಕೂಡ ಸಿಗುತ್ತದೆ. ಚೀಸ್‌ನಲ್ಲಿ ಹಾಲು ಒಡೆಸಲು ಹಾಕುವ, ಕರುವಿನ ಹೊಟ್ಟೆಯಿಂದ ಬರುವ ರೆನೆಟ್ ಇದ್ದರೂ ಹಲವು ಸಲ ಪಟ್ಟಿಯಲ್ಲಿ ಅದರ ಹೆಸರಿರದು, ‘ಸೂಟಬಲ್ ಫಾರ್ ವೆಜಿಟೇರಿಯನ್ಸ್’ ಎಂಬ ಗುರುತು ಇರುವುದನ್ನೇ ಕೊಳ್ಳಿ. ನಿಮ್ಮ ಯಾರ್ಕ್‌ಶೈರ್‌ನಲ್ಲಿ ಚಿಪ್ಸ್ ಅಂಗಡಿಗಳು ಹಲವು ಇಂದಿಗೂ ದನದ ಕೊಬ್ಬಿನಲ್ಲೇ ಕರಿಯುತ್ತವೆ, ಕೇಳದೆ ಕೊಳ್ಳಬೇಡಿ.

ಯಜಮಾನರಿಗೆ ಕೋಳಿ ಇರಲಿ. ಅದನ್ನು ತೊಳೆಯಬೇಡಿ ಎಂದು ಅಲ್ಲಿನ ಆಹಾರ ಸುರಕ್ಷತಾ ಸಂಸ್ಥೆಯೇ ಹೇಳುತ್ತದೆ, ಸಿಡಿದ ನೀರಿನೊಂದಿಗೆ ರೋಗಾಣು ಅಡುಗೆಮನೆ ತುಂಬಾ ಹರಡುತ್ತದೆ. ಒಂದೇ ಓವನ್ ಇದ್ದರೆ ಹೀಗೆ ಹೊಂದಿಸಿ: ಒಂದೂವರೆ ಕೆಜಿ ಕೋಳಿ ಬೆಳಗ್ಗೆ 11.30ಕ್ಕೆ ಫ್ಯಾನ್ 170ರಲ್ಲಿ ಕೆಳಗಿನ ರ‍್ಯಾಕ್‌ಗೆ. ಆಲೂಗಡ್ಡೆ 12.15ಕ್ಕೆ ಮೇಲಿನ ರ‍್ಯಾಕ್‌ಗೆ, ನಿಮ್ಮ ಪಾಲಿನ ಟ್ರೇ ಮೇಲೇ ಇದ್ದರೆ ಕೋಳಿಯ ರಸ ತಾಗದು. 12.35ಕ್ಕೆ ಚೀಸ್ ಸಾಸ್ ಸುರಿದ ಹೂಕೋಸು ಒಳಗೆ. 1 ಗಂಟೆಗೆ ಕೋಳಿ, ಹೂಕೋಸು ಹೊರಗೆ. ಕೋಳಿಯ ತೊಡೆಯ ದಪ್ಪ ಭಾಗದಲ್ಲಿ 75 ಡಿಗ್ರಿ ಬಂದಿರಬೇಕು. ಆಗಲೇ ಓವನ್ 210ಕ್ಕೆ ಏರಿಸಿ ಪುಡಿಂಗ್ ಟಿನ್ ಕಾಯಲು ಇಡಿ. 1.10ಕ್ಕೆ ಆಲೂಗಡ್ಡೆ ತೆಗೆಯಿರಿ. ಮುಚ್ಚಿಟ್ಟರೆ ಗರಿ ಹೋಗುತ್ತದೆ, ತೆರೆದೇ ಇರಲಿ. ಪುಡಿಂಗ್ ಒಳಗೆ, ಕೊನೆಯ ಐದು ನಿಮಿಷದಲ್ಲಿ ಎಲೆಕೋಸು. 1.35ಕ್ಕೆ ಎಲೆ ಹಾಕಿ ಎನ್ನಬಹುದು.

ಎಲ್ಲರೂ ಉಣ್ಣುತ್ತಿರುವಾಗ ಓವನ್ 160ಕ್ಕೆ ಇಳಿಸಿ ಆಪಲ್ ಕ್ರಂಬಲ್ ಇಡಿ: ಕೆಳಗೆ 900 ಗ್ರಾಂ ಬ್ರ್ಯಾಮ್ಲಿ ಸೇಬು, ಸ್ವಲ್ಪ ಸಕ್ಕರೆ; ಮೇಲೆ ಮೈದಾ 200, ಬೆಣ್ಣೆ 100, ಸಕ್ಕರೆ 100 ಗ್ರಾಂ ಬೆರಳಿನಲ್ಲಿ ಉಜ್ಜಿದ್ದು. ನಲವತ್ತು ನಿಮಿಷ. ಬ್ರ್ಯಾಮ್ಲಿಯೇ ಬೇಕು, ಬೆಂದಾಗ ಹತ್ತಿಯಂತೆ ಅರಳಿ ಹುಳಿ ಉಳಿಸಿಕೊಳ್ಳುತ್ತದೆ. ಜತೆಗೆ ಬರ್ಡ್ಸ್ ಕಸ್ಟರ್ಡ್. ಮೊಟ್ಟೆ ಒಗ್ಗದ ಹೆಂಡತಿಗಾಗಿ ಬರ್ಮಿಂಗ್‌ಹ್ಯಾಂನ ಆಲ್‌ಫ್ರೆಡ್ ಬರ್ಡ್ 1837ರಲ್ಲಿ ಕಂಡುಕೊಂಡ ಪುಡಿ ಅದು, ಮೊಟ್ಟೆಯಿಲ್ಲದ್ದು. ಬ್ರಿಟನ್ನಿನ ಅಡುಗೆಯಲ್ಲಿ ತರಕಾರಿ ಕೊನೆಯ ಸಾಲು, ಚೀಸ್ ಮತ್ತು ಈ ಬಿಸಿ ಸಿಹಿಗಳು ಮೊದಲ ಸಾಲು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಆಲೂಗಡ್ಡೆ, ಎಲೆಕೋಸು ಉಳಿದರೆ ಚೆಲ್ಲಬೇಡಿ. ಸೋಮವಾರ ಎರಡನ್ನೂ ಒರಟಾಗಿ ಕಿವುಚಿ, ಉಪ್ಪು ಮೆಣಸು ಹಾಕಿ, ತುಪ್ಪ ಸವರಿದ ಕಾವಲಿಯ ಮೇಲೆ ಅಕ್ಕಿರೊಟ್ಟಿಯಂತೆ ತಟ್ಟಿ, ತಳ ಕೆಂಪಾಗುವವರೆಗೆ ಕದಲಿಸದೆ ಹತ್ತು ನಿಮಿಷ ಬಿಟ್ಟು ತಿರುವಿ ಹಾಕಿ. ಬಬಲ್ ಅಂಡ್ ಸ್ಕ್ವೀಕ್ ಎನ್ನುತ್ತಾರೆ. ಮಗನಿಗೆ ಹೆಸರೇ ಹಿಡಿಸಬಹುದು.